ಕಲ್ಲರೆಯ ಹೆಸರನ್ನು ಉಳಿಸೋಣ

ಮೃತರ ಸ್ಮರಣೆಯ ದಿನಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ. ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓದಿಲೋ 998ರ ಸುಮಾರಿಗೆ ತಮ್ಮ ಮಠಗಳಲ್ಲಿ ನವೆಂಬರ್ 2ರಂದು ಇದನ್ನು ಆಚರಣೆಗೆ ತಂದರು. ಮುಂದೆ ಧರ್ಮಸಭೆಯೆಲ್ಲ ಅದನ್ನು ಸ್ವೀಕರಿಸಿತು. ಅಂದು ನಾವು ನಮ್ಮವರ ಕಲ್ಲರೆಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಯಾರೂ ಬಾರದ ಹಳೆಯ ಕಲ್ಲರೆಗಳ ಗತಿಯೇನು?

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನು ನೋಡೋಣ. 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಲಾದ ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆ 1795ರಲ್ಲಿ ಬ್ರಿಟಿಷರ ಸೇವೆಗೆ ಸೇರಿತು. 1799ರ ಮುತ್ತಿಗೆಯಲ್ಲಿ ಪಾಲ್ಗೊಂಡಿತು. ಆ ಪಡೆಯವರು, ಇತರ ಐರೋಪ್ಯ ಅಧಿಕಾರಿಗಳು, ಅವರ ಮಡದಿ ಮಕ್ಕಳು ಇಲ್ಲಿ ಮಣ್ಣಾದರು. ದಂಡು ಬೆಂಗಳೂರಿಗೆ ಹೋದ ಮೇಲೆ ಗೋರಿಗಳನ್ನು ಕೇಳುವವರಿಲ್ಲದಾಯಿತು. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಮನೆತನದವರು ಮುತುವರ್ಜಿ ವಹಿಸಿದ ಮೇಲೆ, 2008ರ ಸುಮಾರಿಗೆ, ಸ್ಮಶಾನ ದುರಸ್ತಿಯಾಯಿತು. ಇನ್ನೂರು ವರ್ಷಗಳಾದರೂ ಬಂಧುಗಳು ಹುಡುಕಿಕೊಂಡು ಬಂದಾರು. ಅವರು ಬಂದಾಗ ಕಲ್ಲಿನ ಮೇಲೆ ಹೆಸರು ಉಳಿದಿರಬೇಕು.

ಆ ಹೆಸರನ್ನು ಅಳಿಸುವುದು ಮಳೆ ಮಾತ್ರವಲ್ಲ, ನಮ್ಮ ಅವಸರದ ಸೇವೆಯೂ ಹೌದು. ಆಸಿಡ್ ಸುರಿದರೆ ಅಮೃತಶಿಲೆ ಕರಗುತ್ತದೆ. ಬ್ಲೀಚಿಂಗ್ ಪುಡಿಯ ಉಪ್ಪು ಕಲ್ಲಿನೊಳಗೆ ಉಳಿದು ಅದನ್ನು ಸಡಿಲಗೊಳಿಸುತ್ತದೆ. ತಂತಿ ಬ್ರಷ್ ಅಕ್ಷರಗಳನ್ನೇ ಸವೆಸುತ್ತದೆ. ಹಳೆಯ ಸುಣ್ಣದ ಗಾರೆಯ ಗೋರಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಹೋಗದೆ ಬಿರುಕು ಬಿಡುತ್ತದೆ. ಶುದ್ಧ ನೀರು, ಮೆತ್ತನೆಯ ಬ್ರಷ್, ಮರದ ಕಡ್ಡಿ ಮತ್ತು ತಾಳ್ಮೆ ಇದ್ದರೆ ಸಾಕು. ಮೊದಲು ಕಲ್ಲನ್ನು ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜಿ, ಚೆನ್ನಾಗಿ ತೊಳೆಯಬೇಕು. ಅಲುಗಾಡುವ, ಪದರು ಏಳುವ ಕಲ್ಲನ್ನು ಮುಟ್ಟದಿರುವುದೇ ಒಳಿತು.

ತೊಳೆದರಷ್ಟೇ ಸಾಲದು, ಬರೆದಿಡಬೇಕು. ದಕ್ಷಿಣ ಏಷ್ಯಾದ ಐರೋಪ್ಯ ಸ್ಮಶಾನಗಳಿಗಾಗಿ 1976ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಬಾಕ್ಸಾ’ ಎಂಬ ಸಂಘ ಗೋರಿಗಳ ಬರಹಗಳನ್ನು ಸಂಗ್ರಹಿಸಿ ಪುಸ್ತಕಗಳನ್ನು ಹೊರತಂದಿದೆ. ಕಲ್ಲು ಒಡೆದರೂ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ.

ಈ ಕೆಲಸ ನಮ್ಮ ಧರ್ಮಕೇಂದ್ರಗಳಿಗೂ ಸಾಧ್ಯ. ಗುರುಗಳ ಅಪ್ಪಣೆ ಪಡೆದು ಯುವಜನರು ಕಲ್ಲು ತೊಳೆಯಲಿ, ಮಕ್ಕಳು ಹೆಸರು, ವರ್ಷ ಬರೆದುಕೊಳ್ಳಲಿ, ಹಿರಿಯರು ಅವರು ಯಾರ ಮನೆಯವರೆಂದು ಹೇಳಲಿ. ಸತ್ತವರನ್ನು ಮಣ್ಣು ಮಾಡುವುದು ದಯಾಕಾರ್ಯಗಳಲ್ಲಿ ಒಂದು. ಅವರ ಹೆಸರನ್ನು ಕಾಯುವುದು ಅದೇ ದಯೆಯ ಮುಂದುವರಿಕೆ. ಈ ನವೆಂಬರಿನಲ್ಲಿ ನಮ್ಮವರ ಕಲ್ಲರೆಯ ಪಕ್ಕದಲ್ಲಿರುವ, ಯಾರೂ ಇಲ್ಲದವರ ಕಲ್ಲರೆಗೂ ಒಂದು ಬಿಂದಿಗೆ ನೀರು ಹೊರೋಣ.