ಬಚ್ಚಲುಮನೆಯ ಮಾರ್ದನಿ

ದೊಡ್ಡಮ್ಮ ತೀರಿಕೊಂಡ ಮರುವರ್ಷ, ಅವಳು ಓರಗಿತ್ತಿಯರಿಬ್ಬರ ಜೊತೆ ಹಾಡಿದ್ದ ಸೋಬಾನೆ ಪದವನ್ನು ಮಿಕ್ಸ್ ಮಾಡಲು ಕೂತೆ. ಮೂವರ ಮುಂದೆಯೂ ಒಂದೊಂದು ಮೈಕು ಇಟ್ಟು ನಾನೇ ರೆಕಾರ್ಡ್ ಮಾಡಿಕೊಂಡಿದ್ದೆ. ದನಿ ತೀರಾ ಒಣಕಲು ಅನ್ನಿಸಿ, ಸಾಫ್ಟ್‌ವೇರಿನಲ್ಲಿ ಮೂರು ಟ್ರ್ಯಾಕಿಗೂ ಒಂದೊಂದು ರಿವರ್ಬ್ ಹಾಕಿದೆ. ಕೇಳಿದ ಅಕ್ಕ, ದೊಡ್ಡಮ್ಮನ ಮಗಳು, “ಅವ್ವ ಎಲ್ಲೋ ಗುಡಿಯೊಳಗೆ ನಿಂತು ಹಾಡಿದ ಹಾಗಿದೆ ಕಣೋ, ಒಂದು ಮಾತೂ ತಿಳಿಯಲ್ಲ” ಎಂದಳು.

ತಪ್ಪೆಲ್ಲಿ ಎಂದು ಹೊಳೆದದ್ದು ಹಳೆಯ ಸ್ಟುಡಿಯೋಗಳ ಕತೆ ಓದುವಾಗ. 1947ರಲ್ಲಿ ಷಿಕಾಗೋದ ಯೂನಿವರ್ಸಲ್ ರೆಕಾರ್ಡಿಂಗ್‌ನ ಬಿಲ್ ಪಟ್ನಮ್, ಹಾರ್ಮೊನಿಕ್ಯಾಟ್ಸ್ ಎಂಬ ಮೌತ್ ಆರ್ಗನ್ ತಂಡದ ‘ಪೆಗ್ ಓ ಮೈ ಹಾರ್ಟ್’ ಮುದ್ರಿಸುವಾಗ ಬಚ್ಚಲುಮನೆಯನ್ನೇ ಮಾರ್ದನಿಯ ಕೋಣೆ ಮಾಡಿಕೊಂಡ. ಇಂಥ ಕೋಣೆಯೊಳಗೆ ಒಂದು ಸ್ಪೀಕರು, ಒಂದು ಮೈಕು. ಸ್ಪೀಕರಿನಿಂದ ಹೊರಟ ದನಿ ಗೋಡೆಗೋಡೆಗೆ ತಾಗಿ ಮೈಕಿಗೆ ಬರುತ್ತದೆ. ಕೋಣೆ ಒಂದೇ, ದನಿಗಳು ಹಲವು. ಹಾಗಾಗಿ ಪ್ರತಿ ದನಿಯ ಒಂದು ಪಾಲನ್ನಷ್ಟೇ ಅಲ್ಲಿಗೆ ಕಳಿಸಿ, ಮರಳಿ ಬಂದದ್ದನ್ನು ಬೇರೆಯೇ ಫೇಡರಿನಲ್ಲಿ ಬೆರೆಸುತ್ತಿದ್ದರು. ಮೂಲ ದನಿ ಮಾತ್ರ ತನ್ನ ಪಾಡಿಗೆ ತನ್ನ ಹಾದಿಯಲ್ಲೇ ಇರುತ್ತಿತ್ತು.

1956ರಲ್ಲಿ ಹಾಲಿವುಡ್‌ನ ಕ್ಯಾಪಿಟಲ್ ಕಟ್ಟಡದ ಅಡಿಯಲ್ಲಿ ಇದಕ್ಕೆಂದೇ ನೆಲಮಾಳಿಗೆಯ ಕೋಣೆಗಳಾದವು. ಮರುವರ್ಷ ಜರ್ಮನಿಯಿಂದ ಇಎಂಟಿ 140 ಬಂತು: ಕೋಣೆಯ ಬದಲು ತೂಗುಹಾಕಿದ ಉಕ್ಕಿನ ತಗಡು, ಒಟ್ಟು ತೂಕ ಸುಮಾರು 270 ಕಿಲೋ. ಒಬ್ಬೊಬ್ಬ ಹಾಡುಗಾರನಿಗೂ ಒಂದೊಂದು ತರಿಸಲು ಯಾರಿಂದಾದೀತು? ಕಳಿಸುವ, ಮರಳಿಸುವ ಹಾದಿಯೇ ಮುಂದುವರಿಯಿತು.

ಇಂದಿನ ಸಾಫ್ಟ್‌ವೇರಿನಲ್ಲಿರುವ ‘ಸೆಂಡ್’, ‘ರಿಟರ್ನ್’ ಎಂಬ ಹೆಸರುಗಳು ಆ ಕೋಣೆಯಿಂದ ಬಂದವು. ಈಗ ರಿವರ್ಬಿಗೆ ಬರವಿಲ್ಲ, ನೂರು ಟ್ರ್ಯಾಕಿಗೆ ನೂರು ಹಾಕಬಹುದು. ನಾನು ಕೆಟ್ಟದ್ದು ಅಲ್ಲೇ. ಮೂವರು ಹೆಂಗಸರನ್ನು ಮೂರು ಬೇರೆ ಬೇರೆ ಗುಡಿಗಳಲ್ಲಿ ನಿಲ್ಲಿಸಿದ್ದೆ. ಅವರು ಹಾಡಿದ್ದು ಒಂದೇ ಚಾಪೆಯ ಮೇಲೆ ಕೂತು.

ಮೂರನ್ನೂ ಅಳಿಸಿ, ಪಕ್ಕದಲ್ಲಿ ಒಂದೇ ಚಾನೆಲ್ ತೆರೆದು ಅದರಲ್ಲಿ ಒಂದೇ ರಿವರ್ಬ್ ಇಟ್ಟೆ. ಅಲ್ಲಿ ಮೂಲ ದನಿಯ ಪಾಲು ಸೊನ್ನೆ, ಬರೀ ಮಾರ್ದನಿ. ಅದರ ತಗ್ಗಿನ ಗುಂಯ್‌ಗುಡುವಿಕೆಯನ್ನೂ ಕತ್ತರಿಸಿದೆ. ಓರಗಿತ್ತಿಯರ ದನಿಯನ್ನು ತುಸು ಹೆಚ್ಚೇ ಕಳಿಸಿದೆ, ದೊಡ್ಡಮ್ಮನದು ಚೂರೇ ಚೂರು.

ಎರಡನೆಯ ನುಡಿಗೆ ಮೊದಲು ದೊಡ್ಡಮ್ಮ ಉಸಿರೆಳೆದುಕೊಳ್ಳುವುದು ಈಗ ಕೇಳುತ್ತದೆ. ಬಳೆ ಸದ್ದೂ ಇದೆ. ಅಕ್ಕ ಏನೂ ಹೇಳಲಿಲ್ಲ, ಅಷ್ಟನ್ನೇ ಇನ್ನೊಂದು ಸಲ ಹಾಕು ಅಂದಳು.