ನಮಗ ಬಂದದ್ದು ತಳವಾರಕಿ

ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರುವಾಗ ಮೆಡಿಕಲ್ ಫಾರ್ಮ್ ಕೊಟ್ಟರು. ಅದರಲ್ಲೊಂದು ಪ್ರಶ್ನೆ: ನಿಮ್ಮ ಮನೆತನದಲ್ಲಿ ಹೆರೆಡಿಟರಿ ಕಾಯಿಲೆ ಏನಾದರೂ ಇದೆಯೇ? ಕಬ್ಬೂರಿಗೆ ಫೋನ್ ಹಚ್ಚಿ ಅಪ್ಪನ್ನ ಕೇಳಿದೆ. "ಸಕ್ಕರಿ ರೋಗ ನಿಮ್ಮಜ್ಜಗೂ ಇದ್ದಿಲ್ಲ, ನನಗೂ ಇಲ್ಲ. ನಮಗ ಬಂದದ್ದು ತಳವಾರಕಿ ಒಂದ ನೋಡು" ಅಂತ ನಕ್ಕ.

ಅಪ್ಪ ಚ್ಯಾಷ್ಟಿಗೆ ಅಂದರೂ ಮಾತು ಖರೇನೇ. ಈ ವಿಶೇಷಣದ ಬೇರು ಲ್ಯಾಟಿನ್ನಿನ 'ಹೇರೆಸ್', ಅಂದರೆ ವಾರಸುದಾರ. ಮೊದಲು ಆಸ್ತಿಗೆ, ಪದವಿಗೆ ಹೇಳುತ್ತಿದ್ದ ಮಾತು. ರೋಗಕ್ಕೆ ಆಮೇಲೆ ಅಂಟಿತು. ಜೆನೆಟಿಕ್ ಅಂದರೂ ಇದೇ ಅಂದುಕೊಳ್ಳಬೇಡಿ. ಬಹುಪಾಲು ಕ್ಯಾನ್ಸರ್‌ಗಳಲ್ಲಿ ಜೀನ್ ಕೆಟ್ಟಿರುತ್ತದೆ, ಆದರೆ ಅದು ಅಪ್ಪ-ಅವ್ವನಿಂದ ಬಂದದ್ದಲ್ಲ.

ಚಿಕ್ಕೋಡಿ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದಾಗ ಈ ಪದ ನಮ್ಮ ಊರುಗಳನ್ನು ಆಳಿತ್ತು. 1874ರ ಬಾಂಬೆ ಹೆರೆಡಿಟರಿ ಆಫೀಸಸ್ ಆಕ್ಟ್, ಜನರ ಬಾಯಲ್ಲಿ ವತನ ಕಾಯ್ದೆ. 'ವತನ' ಅಂದರೆ ಅರಬ್ಬಿಯಲ್ಲಿ ತಾಯ್ನಾಡು. ನಮ್ಮಲ್ಲಿ ಊರ ಚಾಕರಿ ಮತ್ತು ಅದಕ್ಕೆ ಕೊಟ್ಟ ಹೊಲ. ಸರಕಾರದ ಅಪ್ಪಣೆ ಇಲ್ಲದೆ ಆ ಹೊಲವನ್ನು ವತನದಾರನಲ್ಲದವನಿಗೆ ಮಾರುವಂತಿರಲಿಲ್ಲ. 1886ರ ಇನ್ನೊಂದು ಕಾಯ್ದೆ ಹೆಣ್ಣುಮಕ್ಕಳನ್ನು ವಾರಸಿನ ಸಾಲಿನಲ್ಲಿ ಗಂಡಸರ ಹಿಂದೆ ನಿಲ್ಲಿಸಿತು. ರಕ್ತದ ಮಾತು ಅಂತಾರೆ, ಆದರೆ ರಕ್ತಕ್ಕೆ ಈ ಭೇದ ಎಲ್ಲಿಯದು?

ಗೌಡಕಿಯೂ ವತನ, ಮಹಾರರ ಚಾಕರಿಯೂ ವತನ. ಒಬ್ಬರಿಗೆ ಅದು ಮಾನ. ಇನ್ನೊಬ್ಬರಿಗೆ ಹಗಲು-ರಾತ್ರಿ ದುಡಿತ, ಬದಲಿಗೆ ಚೂರು ಹೊಲ, ಊರವರು ಕೊಟ್ಟಷ್ಟು ಕಾಳು. 1925ರಲ್ಲಿ ನಮ್ಮ ಮಗ್ಗುಲಿನ ನಿಪ್ಪಾಣಿಗೆ ಬಂದು ಹೋಗಿದ್ದ ಡಾ. ಅಂಬೇಡ್ಕರ್, 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ಕಾಯ್ದೆಯ ತಿದ್ದುಪಡಿಗೆ ಮಸೂದೆ ಮಂಡಿಸಿದರು. ಚಾಕರಿ ಬಿಟ್ಟು, ಕಂದಾಯ ಕಟ್ಟಿ ಹೊಲ ಉಳಿಸಿಕೊಳ್ಳಲು ದಾರಿ ಕೊಡಿ ಅನ್ನುವುದು ಅದರ ಸಾರ. ಮರುವರ್ಷ ಅದನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು.

ದೇಸಾಯಿ, ದೇಶಪಾಂಡೆ, ಕುಲಕರ್ಣಿ ವತನಗಳು 1950ರ ಕಾಯ್ದೆಯಿಂದ ಹೋದವು. ಗೌಡಕಿ, ತಳವಾರಕಿ ಹೋಗಲು ಮೈಸೂರು ರಾಜ್ಯದ 1961ರ ಕಾಯ್ದೆ ಬೇಕಾಯಿತು. ಜಾರಿಗೆ ಬಂದದ್ದು 1963ರಲ್ಲಿ. ಗಡಿಯಾಚೆಗೆ ಮುಂಬೈ ಸರಕಾರ ಮಾಡಿದ 1958ರ ಕಾಯ್ದೆಯ ಹೆಸರಿನಲ್ಲೇ ಇನ್ನೊಂದು ವಿಶೇಷಣ ಇದೆ: 'ಇನ್‌ಫೀರಿಯರ್' ವಿಲೇಜ್ ವತನ್ಸ್. ಬಿಡುಗಡೆ ಮಾಡುವಾಗಲೂ ಕೆಳಗಿನವರು ಅಂತ ಹೇಳಿಯೇ ಮಾಡಿದರು!

ಸರಕಾರ ಹೊಲವನ್ನು ಪುಕ್ಕಟೆ ಬಿಟ್ಟುಕೊಡಲಿಲ್ಲ. ದರ ಕಟ್ಟಿಸಿಕೊಂಡು ಮರುಮಂಜೂರು ಮಾಡಿತು. ಅಜ್ಜ ಎಮ್ಮೆ ಮಾರಿ ಆ ರೊಕ್ಕ ತುಂಬಿದನಂತೆ. "ತಳವಾರಕಿ ಹೋತಂದ್ರೂ ರಾತ್ರಿ ಎದ್ದು ಚಾವಡಿ ಕಡೆ ಹೋಗಿ ನಿಂದರತಿದ್ದ. ಅವ್ವ ಹೋಗಿ ಕರಕೊಂಡು ಬರತಿದ್ಲು" ಅಂದ ಅಪ್ಪ.

ಆಫೀಸಿನಲ್ಲಿ ನನ್ನ ಸಾಲಿನಲ್ಲೇ ಒಬ್ಬ ಪಾಟೀಲ, ಒಬ್ಬಳು ಕುಲಕರ್ಣಿ ಕೂರುತ್ತಾರೆ. ಮೂವರೂ ಒಂದೇ ಕೋಡ್ ತಿದ್ದುತ್ತೇವೆ. ಫಾರ್ಮಿನ ಆ ಪ್ರಶ್ನೆಗೆ 'ಇಲ್ಲ' ಅಂತ ಬರೆದೆ. ಮೇಲೆ ಸರ್‌ನೇಮ್ ಅಂತ ಇದ್ದಲ್ಲಿ ಮಾತ್ರ ಮೊದಲೇ ತಳವಾರ ಅಂತ ತುಂಬಿ ಆಗಿತ್ತು.