ಧಾತು-ಈಶ್ವರ ಸಂವತ್ಸರಗಳ ಕ್ಷಾಮವೂ ದಾಸೋಹಧರ್ಮವೂ

ಅರುವತ್ತು ಸಂವತ್ಸರಗಳ ಹೆಸರುಗಳು ಪಂಚಾಂಗದಲ್ಲಿ ಹುಟ್ಟಿ ಪಂಚಾಂಗದಲ್ಲಿಯೇ ಅಡಗುವುವು. ಅವುಗಳಲ್ಲಿ ಧಾತು, ಈಶ್ವರ ಎಂಬೆರಡು ಹೆಸರುಗಳು ಮಾತ್ರ ಕನ್ನಡನಾಡಿನ ಬಯಲುಸೀಮೆಯಲ್ಲಿ ತಲೆಮಾರುಗಳನ್ನು ದಾಟಿ ಜನರ ಬಾಯಲ್ಲಿ ಉಳಿದುವು. ಇಸವಿ 1876ರಲ್ಲಿ ಮುಂಗಾರು ಕೈಕೊಟ್ಟಿತು. ಹಿಂಗಾರಿಯ ಮೋಡಗಳು ಬಂದಂತೆ ತೋರಿ ಚದರಿಹೋದುವು. 1877ರಲ್ಲಿಯೂ ಮುಂಗಾರಿನ ದಿನಗಳು ಬಹುಮಟ್ಟಿಗೆ ಬರಿದಾಗಿಯೇ ಕಳೆದುವು. ಮೈಸೂರು ಸೀಮೆ, ಮದ್ರಾಸು ಇಲಾಖೆಗೆ ಸೇರಿದ್ದ ಬಳ್ಳಾರಿ, ಮುಂಬಯಿ ಇಲಾಖೆಯ ಧಾರವಾಡ, ಬೆಳಗಾವಿ, ಕಲಾದಗಿ, ನಿಜಾಮರ ರಾಜ್ಯದ ಕನ್ನಡ ಜಿಲ್ಲೆಗಳು, ಇವನ್ನು ಆಳುವ ಕೈಗಳು ಬೇರೆ ಬೇರೆಯಾಗಿದ್ದರೂ ಮೇಲಣ ಆಕಾಶವು ಒಂದೇ ಆಗಿದ್ದಿತು.

ಆ ಎರಡು ವರ್ಷಗಳ ಫಲವನ್ನು ಖಾನೇಸುಮಾರಿಯ ಲೆಕ್ಕಗಳೇ ಹೇಳುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳು 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಸಹಜವಾಗಿ ಹೆಚ್ಚಬೇಕಾಗಿದ್ದ ಸಂಖ್ಯೆಯು ಎಂಟೂವರೆ ಲಕ್ಷಕ್ಕೂ ಮಿಕ್ಕು ಇಳಿಯಿತು. ಮುಂದೆ ವಿಜಾಪುರ ಜಿಲ್ಲೆಯೆನಿಸಿದ ಕಲಾದಗಿಯಲ್ಲಿ ಐದು ಜನರಲ್ಲಿ ಒಬ್ಬರೆಂಬಂತೆ ಜನಸಂಖ್ಯೆಯು ಕುಗ್ಗಿತು. ದಕ್ಷಿಣ ಹಿಂದುಸ್ಥಾನದಲ್ಲೆಲ್ಲ ಕೂಡಿ ಸತ್ತವರು 50 ಲಕ್ಷಕ್ಕೆ ಕಡಿಮೆಯಿಲ್ಲ. ಬರಿಯ ಹಸಿವಿನಿಂದ ಮಡಿದವರಿಗಿಂತ, ಸೊರಗಿದ ಮೈಗೆ ತಗುಲಿದ ವಾಂತಿಭೇದಿ, ಆಮಶಂಕೆ, ಮಳೆ ಬಂದ ಬಳಿಕ ಹಬ್ಬಿದ ಜ್ವರ, ಇವುಗಳಿಗೆ ತುತ್ತಾದವರೇ ಬಹಳ. ಅಂತೂ ಬದುಕಿ ಬಿತ್ತಿದವರ ಹೊಲಗಳಿಗೆ 1878-79ರಲ್ಲಿ ಇಲಿಗಳ ದಂಡು ಬಿದ್ದಿತು. ಮಳೆ ಬಿಟ್ಟುಹೋದುದನ್ನು ಇಲಿ ತಿಂದುಹೋಯಿತು.

ಇಂಥ ಕಾಲದಲ್ಲಿ ಧರ್ಮವು ಮಾಡಿದುದೇನು, ರಾಜ್ಯವು ಮಾಡಿದುದೇನು ಎಂದು ವಿಚಾರಿಸುವವರು ಸಾಮಾನ್ಯವಾಗಿ ಎಷ್ಟು ಜನರಿಗೆ ಅನ್ನ ದೊರೆಯಿತೆಂಬ ಲೆಕ್ಕವನ್ನೇ ಹುಡುಕುವರು. ಆ ಲೆಕ್ಕವು ಬೇಕಾದುದೇ. ಆದರೆ ಹಸಿದವನು ಕೈಯೊಡ್ಡಿದಾಗ ಕೊಡುವವನು ಅವನನ್ನು ಏನೆಂದು ಕೇಳಿದನು ಎಂಬುದನ್ನೂ ನೋಡಬೇಕು. ಅಲ್ಲಿಯೇ ಧರ್ಮದ ಕೈಗೂ ದಫ್ತರದ ಕೈಗೂ ಇರುವ ಅಂತರವು ಗೋಚರವಾಗುವುದು.

ದಾಸೋಹದಲ್ಲಿ ಪ್ರಶ್ನೆಗೆ ಎಡೆಯಿಲ್ಲ. ದಾನ ಮಾಡುವವನು ಮೇಲೆ ನಿಂತು ಕೊಡುತ್ತಾನೆ, ಕೊಳ್ಳುವವನು ಕೆಳಗೆ ನಿಂತು ಕೊಳ್ಳುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಕ್ರಮವನ್ನೇ ತಲೆಕೆಳಗು ಮಾಡಿದರು; ಬಡಿಸುವವನೇ ದಾಸನಾದನು, ಉಣ್ಣಲು ಬಂದವನು ಒಡೆಯನ ಸ್ಥಾನದಲ್ಲಿ ಕುಳಿತನು. ಒಡೆಯನನ್ನು ನೀನು ಯಾರು, ಯಾವ ಊರು, ದುಡಿಯಬಲ್ಲೆಯೋ ಇಲ್ಲವೋ ಎಂದು ಕೇಳುವುದುಂಟೆ? ಈ ದಾಸೋಹಕ್ಕೆ ಆಧಾರವು ಕಾಯಕ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಎಂದಿನದಕ್ಕಿಂತ ಹೆಚ್ಚಾಗಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮನು ಗಂಡನನ್ನು ಮರಳಿ ಕಳಿಸಿದಳೆಂಬ ಕಥೆಯನ್ನು ಅರಿಯದ ಭಕ್ತರಿಲ್ಲ. ಇಂದಿನ ದುಡಿಮೆ ಇಂದಿನ ದಾಸೋಹಕ್ಕೆ. ನಾಳೆಗೆ ಕೂಡಿಡುವುದು ನಾಳೆಯನ್ನು ನಂಬದವನ ಲಕ್ಷಣ ಎಂಬುದು ಆ ದಂಪತಿಗಳ ನಿಲುವು.

ಈ ನಿಲುವು ಎಷ್ಟು ಉನ್ನತವಾದುದೋ ಕ್ಷಾಮಕಾಲದಲ್ಲಿ ಅಷ್ಟೇ ಕಠಿನವಾದುದು. ಕ್ಷಾಮವೆಂದರೆ ನಾಳೆಯು ಬಾರದಿರುವ ಕಾಲ. ಲೋಕಾನುಭವವನ್ನು ಬಲ್ಲ ಮಠಗಳು ಆದಕಾರಣವೇ ಹಗೇವುಗಳಲ್ಲಿ ಜೋಳವನ್ನು ಹಾಕಿಡುತ್ತ ಬಂದುವು. ಸುಗ್ಗಿಯಲ್ಲಿ ಭಕ್ತರು ಕೊಟ್ಟ ಕಾಣಿಕೆಯ ಧಾನ್ಯವು ಬೇಸಿಗೆಯ ಒಲೆಯನ್ನು ಉರಿಸುತ್ತಿದ್ದಿತು. ಒಂದು ವರ್ಷದ ಬರವನ್ನು ಹಗೇವು ತಡೆಯಬಲ್ಲುದು. ಎರಡನೆಯ ವರ್ಷಕ್ಕೆ ಅದರ ಬಾಯಿ ತೆರೆದರೆ ಕಾಣುವುದು ಮಣ್ಣು. ಮಠದ ಕಣಜವೂ ಭಕ್ತನ ಹೊಲವೂ ಒಂದೇ ಮಳೆಗೆ ಬಾಯಿ ತೆರೆದವುಗಳು. ಭಕ್ತನಲ್ಲಿ ಇಲ್ಲದಾದಾಗ ಮಠದಲ್ಲಿಯೂ ಇಲ್ಲವಾಗುವುದು. ಇದು ಧರ್ಮದ ಕೊರತೆಯಲ್ಲ, ದೂರದ ಕೊರತೆ. ಎಲ್ಲಿ ಮಳೆಯಾಗಿದೆಯೋ ಅಲ್ಲಿಂದ ಧಾನ್ಯವನ್ನು ತರಿಸುವ ಕೈ ಒಂದು ಊರಿನ ಮಠಕ್ಕಿಲ್ಲ. ಅದಲ್ಲದೆ ದಾಸೋಹವು ಬಂದವರಿಗೆ ಬಡಿಸುತ್ತದೆ. ಬರಲಾರದೆ ಗುಡಿಸಿಲಲ್ಲಿ ಬಿದ್ದವನ ಬಳಿಗೆ ಹೋಗುವ ಏರ್ಪಾಡು ಅದರಲ್ಲಿಲ್ಲ. ಎಲ್ಲರಿಗೂ ಒಂದೇ ಪಂಕ್ತಿಯೆಂಬ ಶರಣರ ಮಾತು ಹತ್ತೊಂಬತ್ತನೆಯ ಶತಮಾನದ ಮಠಗಳಲ್ಲೆಲ್ಲ ನಡೆಯುತ್ತಿದ್ದಿತೆಂದು ಹೇಳುವುದೂ ಸತ್ಯಕ್ಕೆ ದೂರ. ಬಾಗಿಲಿನ ಹೊರಗೆ ನಿಂತು ಉಂಡವರೂ ಇದ್ದರು.

ದೂರದಿಂದ ತರಿಸುವ ಕೈ ರಾಜ್ಯಕ್ಕಿದೆ. ಹದಿನೈದನೆಯ ಶತಮಾನದಲ್ಲಿ ಮಂಗಳವೇಢೆಯ ದಾಮಾಜಿ ಪಂತನು ಬಿದರೆಯ ಸುಲ್ತಾನರ ಅಧಿಕಾರಿಯಾಗಿದ್ದು, ಕ್ಷಾಮದಲ್ಲಿ ಒಡೆಯನ ಅಪ್ಪಣೆಗೆ ಕಾಯದೆ ಸರಕಾರಿ ಕಣಜವನ್ನು ತೆರೆಸಿದನೆಂದೂ, ಆ ಅಪರಾಧಕ್ಕಾಗಿ ಅವನನ್ನು ಬಿದರೆಗೆ ಕರೆಯಿಸಿದಾಗ ವಿಠ್ಠಲನೇ ಓಲೆಕಾರನ ವೇಷದಿಂದ ಹೋಗಿ ಧಾನ್ಯದ ಬೆಲೆಯನ್ನು ಸಲ್ಲಿಸಿದನೆಂದೂ ಪ್ರತೀತಿಯಿದೆ. ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಕರಣಿಕರಾಗಿ ಮೊದಲು ಲೆಕ್ಕ ಬರೆದುದು ಇದೇ ಊರಿನಲ್ಲಿಯೇ ಎಂಬುದು ಭಕ್ತರಿಗೆ ಹೊಸ ಸಂಗತಿಯಲ್ಲ. ದಾಮಾಜಿಯ ಕಥೆಯಲ್ಲಿನ ಪವಾಡವನ್ನು ನಂಬುವವರು ನಂಬಲಿ; ಚರಿತ್ರೆಗೆ ಬೇಕಾದ ಸಾರಾಂಶವು ಬೇರೆಯಿದೆ. ಅಧಿಕಾರಿಯು ಕರುಣೆಯಿಂದ ಕಣಜವನ್ನು ತೆರೆದರೂ, ತೆರೆದ ಕಣಜದ ಬೆಲೆಯನ್ನು ಯಾರಾದರೊಬ್ಬರು ಕಟ್ಟಲೇಬೇಕಾಗಿದ್ದಿತು.

ನಾಲ್ಕುನೂರು ವರ್ಷಗಳ ಬಳಿಕ ಇದೇ ಗಂಡಾಂತರವು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಗೆ ಒದಗಿತು. 1874ರಲ್ಲಿ ಬಿಹಾರ-ಬಂಗಾಳಗಳಲ್ಲಿ ಬರ ಬಿದ್ದಾಗ ಆತನು ಬರ್ಮಾದಿಂದ ಅಕ್ಕಿಯನ್ನು ತರಿಸಿ ಧಾರಾಳವಾಗಿ ಹಂಚಿದನು. ಹಸಿವಿನಿಂದ ಸತ್ತವರು ಬಹು ಸ್ವಲ್ಪ. ಆದರೆ ಪ್ರಾಣಗಳನ್ನು ಉಳಿಸಿದುದಕ್ಕೆ ಆತನಿಗೆ ದೊರೆತುದು ದುಂದುಗಾರನೆಂಬ ಬಿರುದು. ಆತನ ಲೆಕ್ಕವನ್ನು ಸಲ್ಲಿಸಲು ಯಾವ ವಿಠ್ಠಲನೂ ಬರಲಿಲ್ಲ. 1877ರ ಜನವರಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್‌ರವರು ಆತನನ್ನೇ ದಕ್ಷಿಣಕ್ಕೆ ಕಳಿಸಿದರು. ಈ ಸಲ ಖರ್ಚನ್ನು ತಗ್ಗಿಸುವ ಕೆಲಸ ಆತನದಾಗಿದ್ದಿತು. ಅದೇ ತಿಂಗಳ ಮೊದಲ ತಾರೀಖಿನಂದು ದಿಲ್ಲಿಯಲ್ಲಿ ಮಹಾರಾಣಿಯವರನ್ನು ಚಕ್ರವರ್ತಿನಿಯೆಂದು ಸಾರುವ ದರಬಾರು ನಡೆದಿದ್ದಿತು; ಅದರ ಖರ್ಚನ್ನು ತಗ್ಗಿಸಲು ಯಾರನ್ನೂ ನೇಮಿಸಿದಂತಿಲ್ಲ.

ಸರಕಾರದ ಪರಿಹಾರಕ್ಕೆ ಎರಡು ಸಿದ್ಧಾಂತಗಳು ತಳಹದಿಯಾಗಿದ್ದುವು. ಧಾನ್ಯದ ವ್ಯಾಪಾರದಲ್ಲಿ ಸರಕಾರವು ಕೈಹಾಕಬಾರದು, ಬೆಲೆಯೇರಿದಲ್ಲಿಗೆ ವರ್ತಕರು ತಾವಾಗಿ ಧಾನ್ಯವನ್ನು ಒಯ್ಯುವರು ಎಂಬುದು ಒಂದು. ಈ ನಂಬಿಕೆಯು ಬಯಲುಸೀಮೆಯ ದಾರಿಗಳನ್ನು ಕಾಣದವರದು. ರೈಲು ಬೆಂಗಳೂರಿನವರೆಗೆ, ಬಳ್ಳಾರಿಯವರೆಗೆ ಬಂದಿದ್ದಿತು. ಕಲಾದಗಿ ಜಿಲ್ಲೆಯಲ್ಲಿ ಒಂದು ಮೈಲಿಯೂ ಇರಲಿಲ್ಲ. ಅಲ್ಲಿಂದ ಮುಂದೆ ಸಾಗಿಸಬೇಕಾದುದು ಎತ್ತಿನ ಗಾಡಿ. ಮನುಷ್ಯರಿಗಿಂತ ಮೊದಲು ಮೇವಿಲ್ಲದೆ ಸತ್ತವುಗಳು ಎತ್ತುಗಳು.

ಎರಡನೆಯ ಸಿದ್ಧಾಂತವೇ ಇಲ್ಲಿ ಮುಖ್ಯವಾದುದು. ನಿಜವಾಗಿ ಹಸಿದವನಾರು, ಹಸಿದಂತೆ ನಟಿಸುವವನಾರು ಎಂದು ಪರೀಕ್ಷಿಸಿಯೇ ಕೊಡಬೇಕೆಂಬುದು ಅದು. ಪರೀಕ್ಷೆಯ ವಿಧಾನವು ಹೀಗಿದ್ದಿತು: ಕೆಲಸವನ್ನು ಊರಿಂದ ದೂರದಲ್ಲಿಡಬೇಕು, ಅಲ್ಲಿಯೇ ತಂಗಬೇಕು, ಕಠಿನವಾಗಿ ದುಡಿಸಬೇಕು, ಕೂಲಿಯು ಜೀವ ಹಿಡಿಯುವಷ್ಟು ಮಾತ್ರ ಇರಬೇಕು. ಇಷ್ಟಾದರೂ ಬಂದವನೇ ನಿಜವಾದ ಹಸಿದವನು! ಗಟ್ಟಿಮುಟ್ಟಾದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಉಪ್ಪು ಮೆಣಸಿನ ಖರ್ಚಿಗೆ ಚಿಲ್ಲರೆ ಕಾಸು ಎಂದು ಟೆಂಪಲ್ ಸಾಹೇಬರು ಗೊತ್ತುಮಾಡಿದರು. ನಮ್ಮ ಸೀಮೆಯ ಒಕ್ಕಲಿಗನ ಮನೆಯಲ್ಲಿ ಹೊಲಕ್ಕೆ ಹೋಗುವವನ ಬುತ್ತಿಯೇ ಅದಕ್ಕಿಂತ ಭಾರವಾದುದು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಜನ ಕೆಲಸವನ್ನೇ ಬಿಟ್ಟು ಹೊರಟರು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್‌ರವರು ಈ ಕೂಲಿಯಿಂದ ದೇಹವು ನಿಲ್ಲಲಾರದೆಂದು, ಪರಿಹಾರದ ಬಿಡಾರಗಳಲ್ಲಿ ತಾವು ಕಂಡ ಎಲುಬಿನ ಹಂದರಗಳನ್ನು ಮುಂದಿಟ್ಟು, ಬಲವಾಗಿ ವಾದಿಸಿದರು. ಅವರು ಧರ್ಮೋಪದೇಶಕರಲ್ಲ, ವೈದ್ಯರು. ಕರುಣೆಯ ಮಾತನ್ನು ಆಹಾರದ ತೂಕದ ಭಾಷೆಯಲ್ಲಿ ಆಡಿದರು. ಆ ಭಾಷೆಯು ಸರಕಾರಕ್ಕೆ ತಿಳಿಯುವಂಥದಾದುದರಿಂದ ಕೆಲವು ತಿಂಗಳುಗಳ ಮೇಲೆ ಮದ್ರಾಸು ಇಲಾಖೆಯಲ್ಲಿ ಕೂಲಿಯು ಹೆಚ್ಚಿತು. ಅಷ್ಟರಲ್ಲಿ ಎಷ್ಟೋ ಜನರ ಪರೀಕ್ಷೆಯು ಮುಗಿದುಹೋಗಿದ್ದಿತು.

ದುಡಿಯಲಾರದವರಿಗಾಗಿ ತೆರೆದ ಸರಕಾರಿ ಗಂಜಿಕೇಂದ್ರಗಳಲ್ಲಿ ಪ್ರಶ್ನೆಯು ದಿಕ್ಕು ಬದಲಾಯಿಸಿತು. ಇಲ್ಲಿ ಕೇಳಿದವನು ಹಸಿದವನೇ: ಅಡಿಗೆ ಮಾಡಿದವರಾರು? ಅನ್ಯರು ಬೇಯಿಸಿದುದನ್ನು ಉಂಡರೆ ಕುಲವು ಕೆಡುವುದೆಂದು ಗಂಜಿಯನ್ನು ಮುಟ್ಟದೆ ಕುಳಿತವರುಂಟು. ಹಸಿವಿಗಿಂತ ಬಲವಾದ ಈ ಭಯವನ್ನು ಹುಟ್ಟಿಸಿದುದು ಸರಕಾರವಲ್ಲ. ಕಲ್ಯಾಣದ ಮಾತನ್ನು ನಾಡು ಪೂರ್ಣವಾಗಿ ಕೇಳಿದ್ದರೆ ಆ ತಟ್ಟೆಗಳು ತುಂಬಿದಂತೆಯೇ ಮರಳುತ್ತಿರಲಿಲ್ಲ.

ಕ್ರೈಸ್ತ ಮಿಶನರಿಗಳೂ ಈ ಕಾಲದಲ್ಲಿ ಬಹಳ ಶ್ರಮಿಸಿದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ನಿನವರು ಹಾಸನ, ತುಮಕೂರುಗಳಲ್ಲಿ ತಬ್ಬಲಿಗಳಿಗೆ ಆಶ್ರಯಗಳನ್ನು ಏರ್ಪಡಿಸಿದರು. ಅಲ್ಲಿ ಬೆಳೆದ ಮಕ್ಕಳು ಕ್ರಿಸ್ತಮತದಲ್ಲಿ ಬೆಳೆದರೆಂದು ನಮ್ಮವರು ಬಹುದಿನ ಆಕ್ಷೇಪಿಸಿದರು. ಬೀದಿಯಲ್ಲಿ ಬಿದ್ದ ಕೂಸನ್ನು ಮೊದಲು ಎತ್ತಿಕೊಂಡವರಾರೆಂದು ಆಕ್ಷೇಪಿಸುವವರು ಕೇಳಿಕೊಳ್ಳಲಿಲ್ಲ. 1877ರ ಆಗಸ್ಟಿನಲ್ಲಿ ಮದ್ರಾಸಿನ ನಾಗರಿಕರು ಸಭೆ ಸೇರಿ ಇಂಗ್ಲೆಂಡಿನ ಜನರಿಗೆ ನೇರವಾಗಿ ಮೊರೆಯಿಟ್ಟರು. ವೈಸರಾಯರಿಗೆ ಅದು ಮೊದಲು ರುಚಿಸಲಿಲ್ಲವಾದರೂ ಲಂಡನ್ ನಗರದ ಮೇಯರ್‌ರವರ ಮುಖಾಂತರ ಲಕ್ಷಾಂತರ ಪೌಂಡುಗಳು ಕೂಡಿದುವು. ಆ ನಿಧಿಯ ಕಾರ್ಯದರ್ಶಿಯಾಗಿ ದುಡಿದ ಪತ್ರಿಕಾಕರ್ತ ವಿಲಿಯಮ್ ಡಿಗ್ಬಿಯವರು 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದಿಟ್ಟ ಚರಿತ್ರೆಯು ಸರಕಾರದ ವರದಿಗಳ ಪಕ್ಕದಲ್ಲಿ ಎದುರುಸಾಕ್ಷಿಯಂತೆ ನಿಂತಿದೆ.

ಸತ್ತವರಿಗೆ ಉಪಯೋಗವಾಗದಿದ್ದರೂ ರಾಜ್ಯವು ಈ ಕ್ಷಾಮದಿಂದ ಕಲಿತುದುಂಟು. ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು. 1883ರಲ್ಲಿ ಕ್ಷಾಮಸಂಹಿತೆಯ ಕರಡು ಹೊರಟಿತು. ಕ್ಷಾಮದಲ್ಲಿ ಪ್ರಜೆಗಳನ್ನು ಬದುಕಿಸುವುದು ಸರಕಾರದ ಕೃಪೆಯಲ್ಲ, ಕರ್ತವ್ಯ ಎಂಬುದು ಅದರ ಬೀಜ. ಕೆಲಸ ಕೊಡಬೇಕು, ಕೂಲಿಯು ಆರೋಗ್ಯವನ್ನು ಕಾಯುವಷ್ಟಿರಬೇಕು. ದುಡಿಯಲಾರದವರನ್ನು ಊರೂರಿಗೆ ಹೋಗಿ ಹುಡುಕಿ, ಪಟ್ಟಿ ಮಾಡಿ, ಅವರಿದ್ದಲ್ಲಿಯೇ ಕೊಡಬೇಕು. ದಾಸೋಹವು ತಲುಪಲಾರದಿದ್ದ ಆ ಗುಡಿಸಿಲಿಗೆ ಹೋಗುವ ದಾರಿಯನ್ನು ಕಾಯಿದೆಯು ಕಂಡುಕೊಂಡಿತು. ಕ್ಷಾಮನಿವಾರಣೆಗೆಂದೇ ದಕ್ಷಿಣ ಮರಾಠಾ ರೈಲ್ವೆಯು ಹುಟ್ಟಿ, 1884ರಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿನವರೆಗೆ ಹಳಿ ಬಿದ್ದಿತು. ಮೈಸೂರಿಗೆ ಮಾತ್ರ ಕಲಿಕೆಯ ಬೆಲೆ ಭಾರವಾಯಿತು. 1881ರಲ್ಲಿ ಮಹಾರಾಜರಿಗೆ ರಾಜ್ಯವು ಮರಳಿದಾಗ ಅದರ ತಲೆಯ ಮೇಲೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವಿದ್ದಿತು. ಸಂಹಿತೆಯು ಕಪಾಟಿನಲ್ಲಿದ್ದರೆ ಸಾಲದೆಂಬುದು 1943ರಲ್ಲಿ ಬಂಗಾಳದಲ್ಲಿ ತಿಳಿಯಿತು. ಅಲ್ಲಿಯ ಸರಕಾರವು ಕ್ಷಾಮವೆಂದು ಸಾರಲೇ ಇಲ್ಲ. ಸುಮಾರು 30 ಲಕ್ಷ ಜನ ಸತ್ತರು.

ಮಠಗಳೂ ಕಲಿಯದೆ ಇರಲಿಲ್ಲ. 1896-97ರಲ್ಲಿ, 1899-1900ರಲ್ಲಿ ಮರಳಿ ಬರ ಬಿದ್ದಿತು. ನಡುವೆ ಪ್ಲೇಗು ಹೊಕ್ಕಿತು. ಒಪ್ಪತ್ತಿನ ಅನ್ನದಿಂದ ತಬ್ಬಲಿಯ ಬಾಳು ಸಾಗದೆಂಬ ಅರಿವು ಈ ಪೆಟ್ಟುಗಳ ನಡುವೆ ಮೂಡಿತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅವರ ಕೃಪೆಯಲ್ಲಿ ಬೆಳೆದ ಹುಟ್ಟುಗುರುಡರಾದ ಪಂಚಾಕ್ಷರಿ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಬಡಮಕ್ಕಳಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನಿತ್ತು ಸ್ವಂತ ಕಾಲ ಮೇಲೆ ನಿಲ್ಲಿಸಿದರು. ತುಮಕೂರಿನ ಬಳಿಯ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಯಿಸಿದ ವಿದ್ಯಾರ್ಥಿನಿಲಯದಲ್ಲಿ ಜಾತಿಮತಗಳ ಪ್ರಶ್ನೆಯಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದರು. ಒಲೆಯ ಪಕ್ಕಕ್ಕೆ ಪಾಠಶಾಲೆಯು ಬಂದುದು ದಾಸೋಹದ ಚರಿತ್ರೆಯಲ್ಲಿ ದೊಡ್ಡ ತಿರುವು.

ಕರ್ನಾಟಕ ಸರಕಾರವು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಮೊದಲು ಆರಂಭಿಸಿದುದು 2002ರಲ್ಲಿ, ಏಳು ಜಿಲ್ಲೆಗಳಲ್ಲಿ. ಧಾತು-ಈಶ್ವರಗಳಲ್ಲಿ ಬರಿದಾಗಿದ್ದ ಬಳ್ಳಾರಿಯೂ ವಿಜಾಪುರವೂ, ಹಳೆಯ ಕಲಾದಗಿಯು ಈಗ ಸೇರಿರುವ ಬಾಗಲಕೋಟೆಯೂ ಅವುಗಳಲ್ಲಿ ಇದ್ದುವು. ಹೆಸರನ್ನಿಡುವಾಗ ಸರಕಾರವು ಕ್ಷಾಮಸಂಹಿತೆಯ ಶಬ್ದಕೋಶವನ್ನು ಹುಡುಕಲಿಲ್ಲ. ಆ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು.